ನಿನ್ನೆಯ ಆಟಕ್ಕೆ ನಾಳೆಯ ಸಂಬಳ: ಏಂಜಲ್ಸ್ ತಂಡ ಎಡವಿದ್ದೆಲ್ಲಿ?

ಕ್ಯಾಲಿಫೋರ್ನಿಯಾದ ಆನಹೈಮ್ ಊರಲ್ಲಿ, 57ನೇ ಫ್ರೀವೇ ಪಕ್ಕದಲ್ಲಿ, ಕೆಂಪು ಬಣ್ಣದ ದೊಡ್ಡದೊಂದು 'ಎ' ಅಕ್ಷರ ನಿಂತಿದೆ. 230 ಅಡಿ ಎತ್ತರ. ಅದರ ತುದಿಯಲ್ಲಿ ಬಳೆಯಂಥದ್ದೊಂದು ಪ್ರಭಾವಳಿ. ಏಂಜಲ್ಸ್ ಬೇಸ್‌ಬಾಲ್ ತಂಡ ಗೆದ್ದ ರಾತ್ರಿ ಆ ಬಳೆಗೆ ದೀಪ ಹತ್ತುತ್ತದೆ. ತಂಡ ಇಲ್ಲೇ ಗೆಲ್ಲಲಿ, ಬಾಸ್ಟನ್‌ನಲ್ಲಿ ಗೆಲ್ಲಲಿ, ದೀಪ ಹತ್ತುವುದು ಇಲ್ಲೇ. ಈ ಭಾಗದಲ್ಲಿ ನೆಲೆಸಿರುವ ಕನ್ನಡದವರಿಗೂ ಇದು ಗೊತ್ತಿರುವ ವಿಷಯ. ರಾತ್ರಿ ಕಾರಲ್ಲಿ ಹೋಗುವಾಗ ಆ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಸ್ಕೋರ್ ನೋಡಲು ಫೋನ್ ತೆಗೆಯಬೇಕಿಲ್ಲ.

2024ರಲ್ಲಿ ತಂಡ ಗೆದ್ದದ್ದು 63 ಪಂದ್ಯ, ಸೋತದ್ದು 99. ತಂಡದ ಇತಿಹಾಸದಲ್ಲಿ ಅಷ್ಟು ಸೋಲು ಹಿಂದೆಂದೂ ಇರಲಿಲ್ಲ. 2016ರಿಂದ 2025ರವರೆಗೆ ಸತತ ಹತ್ತು ಸೀಸನ್ ನೋಡಿ, ಒಂದರಲ್ಲೂ ಸೋಲಿಗಿಂತ ಗೆಲುವು ಜಾಸ್ತಿ ಇಲ್ಲ. ಪ್ಲೇ ಆಫ್ ಕೊನೆಯ ಸಲ ಕಂಡಿದ್ದು 2014ರಲ್ಲಿ.

ದುಡ್ಡಿಲ್ಲದ ತಂಡವಾಗಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಏಂಜಲ್ಸ್ ಈ ಹದಿನೈದು ವರ್ಷಗಳಲ್ಲಿ ದುಡ್ಡು ಸುರಿದಿದೆ. ಆಲ್ಬರ್ಟ್ ಪೂಹೋಲ್ಸ್‌ಗೆ 24 ಕೋಟಿ ಡಾಲರ್. ಜಾಶ್ ಹ್ಯಾಮಿಲ್ಟನ್‌ಗೆ 12.5 ಕೋಟಿ ಡಾಲರ್. ಆಂಥನಿ ರೆಂಡನ್‌ಗೆ 24.5 ಕೋಟಿ ಡಾಲರ್. ಮೂವರೂ ಬರುವಾಗ ದೊಡ್ಡ ಹೆಸರು. ಮೂವರೂ ಬಂದ ಮೇಲೆ ನಿರಾಸೆ. ಒಂದು ಸಲ ಆದರೆ ದುರದೃಷ್ಟ ಅನ್ನಬಹುದು. ಮೂರು ಸಲ ಆದರೆ ಕೊಳ್ಳುವವರ ಲೆಕ್ಕದಲ್ಲೇ ಏನೋ ತಪ್ಪಿದೆ ಅಂತ ಅರ್ಥ, ಅಲ್ವಾ?

ಆ ತಪ್ಪು ಏನು ಅಂತ ಹೇಳುವ ಮೊದಲು ಅಮೆರಿಕದ ಬೇಸ್‌ಬಾಲ್‌ನಲ್ಲಿ ಸಂಬಳ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ತಿಳಿಯಬೇಕು. ಹುಡುಗನೊಬ್ಬ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ತಂಡವೊಂದರ ಪಾಲಾಗುತ್ತಾನೆ. ಕೆಲವು ವರ್ಷ ಕೆಳಹಂತದ ಮೈನರ್ ಲೀಗ್‌ನಲ್ಲಿ ಬಸ್ಸಲ್ಲಿ ಊರೂರು ಸುತ್ತಿ ಆಡುತ್ತಾನೆ. ದೊಡ್ಡ ಲೀಗ್‌ಗೆ ಬಂದ ಮೇಲೆ ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು. ಆಮೇಲೆ ಮೂರು ವರ್ಷ ಮಧ್ಯಸ್ಥರ ಪಂಚಾಯ್ತಿಯ ಮೂಲಕ ಸಂಬಳ ಏರುತ್ತದೆ. ಹೀಗೆ ಆರು ವರ್ಷ ಪೂರೈಸಿದ ಮೇಲಷ್ಟೇ ಅವನು ಫ್ರೀ ಏಜೆಂಟ್. ಅಂದರೆ ಯಾವ ತಂಡ ಬೇಕಾದರೂ ಅವನನ್ನು ಕರೆಯಬಹುದು, ಅವನು ಯಾರ ಜೊತೆ ಬೇಕಾದರೂ ಸಹಿ ಹಾಕಬಹುದು. ಅಷ್ಟರಲ್ಲಿ ಹೆಚ್ಚಿನವರಿಗೆ ಇಪ್ಪತ್ತೆಂಟು, ಮೂವತ್ತು ವರ್ಷ ಆಗಿರುತ್ತದೆ.

ತೊಡಕು ಇರುವುದು ಇಲ್ಲೇ. ಬ್ಯಾಟರ್‌ಗಳ ಆಟ ತುದಿ ಮುಟ್ಟುವುದು ಸಾಮಾನ್ಯವಾಗಿ 26ರಿಂದ 29ರ ನಡುವೆ. ಆ ವರ್ಷಗಳಲ್ಲಿ ಅವರಿಗೆ ಸಿಗುವುದು ಕಡಿಮೆ. ಇಳಿಮುಖ ಶುರುವಾಗುವ ಹೊತ್ತಿಗೆ ದೊಡ್ಡ ಮೊತ್ತ ಕೈಗೆ ಬರುತ್ತದೆ. ಮಾಡಿದ ಕೆಲಸಕ್ಕೆ ಕೂಲಿ ಬರುವುದು ತಡ, ಅದನ್ನು ಕೊಡುವುದೂ ಬೇರೆ ಮನೆಯವರು. ಆಟಗಾರನ ಕಡೆಯಿಂದ ನೋಡಿದರೆ ಅದು ನ್ಯಾಯವೇ. ಕೊಡುವ ತಂಡದ ಕಡೆಯಿಂದ ನೋಡಿದರೆ ಅದು ನಿನ್ನೆಯ ಆಟಕ್ಕೆ ನಾಳೆ ಕೊಡುವ ಸಂಬಳ.

ಐಪಿಎಲ್ ನೋಡುವವರಿಗೆ ಇನ್ನೊಂದು ವ್ಯತ್ಯಾಸ ಹೇಳಬೇಕು. ಅಲ್ಲಿ ಹರಾಜಿನಲ್ಲಿ ತಪ್ಪು ಆಟಗಾರನನ್ನು ಕೊಂಡರೂ ಒಂದೆರಡು ವರ್ಷದಲ್ಲಿ ಬಿಟ್ಟುಬಿಡಬಹುದು. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಸಹಿ ಬಿದ್ದರೆ ಪೂರ್ತಿ ಹಣ ಕೊಡಲೇಬೇಕು. ಆಟಗಾರ ಆಡಲಿ, ಗಾಯವಾಗಿ ಮನೆಯಲ್ಲಿರಲಿ, ತಂಡವೇ ಅವನನ್ನು ಕೈಬಿಡಲಿ, ಹಣ ನಿಲ್ಲುವುದಿಲ್ಲ.

ಈಗ ಪೂಹೋಲ್ಸ್ ಕಥೆಗೆ ಬರೋಣ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹುಟ್ಟಿದವರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ 2001ರಲ್ಲಿ ಬಂದಾಗ ಅವರ ಸಂಬಳ 2 ಲಕ್ಷ ಡಾಲರ್. ಆ ವರ್ಷವೇ 37 ಹೋಂ ರನ್ (ಚೆಂಡು ಬೇಲಿ ದಾಟುವ ಹೊಡೆತ) ಹೊಡೆದರು. ಅಲ್ಲಿ ಆಡಿದ ಹನ್ನೊಂದು ಸೀಸನ್‌ಗಳಲ್ಲಿ 445 ಹೋಂ ರನ್, ಬ್ಯಾಟಿಂಗ್ ಸರಾಸರಿ .328, ಅಂದರೆ ಸಾವಿರ ಅವಕಾಶಕ್ಕೆ 328 ಹಿಟ್, ಹೊಡೆದು ಬೇಸ್ ತಲುಪಿದ್ದು. ಬೇಸ್‌ಬಾಲ್‌ನಲ್ಲಿ .300 ದಾಟಿದರೇ ಒಳ್ಳೆಯ ಬ್ಯಾಟರ್ ಅನ್ನುತ್ತಾರೆ. ಮೂರು ಸಲ ಲೀಗ್‌ನ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ. 2006, 2011ರಲ್ಲಿ ಎರಡು ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ಕಪ್. ಅವರ ನಿಲುವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ನೆಲಕ್ಕೆ ಬೇರು ಬಿಟ್ಟ ಮರದ ಹಾಗೆ ನಿಲ್ಲುತ್ತಿದ್ದರು. ಚೆಂಡು ಬಂದಾಗ ಮಾತ್ರ ಸೊಂಟ ತಿರುಗುತ್ತಿತ್ತು.

2011ರ ಡಿಸೆಂಬರ್‌ನಲ್ಲಿ ಏಂಜಲ್ಸ್ ಅವರನ್ನು ಹತ್ತು ವರ್ಷಕ್ಕೆ ಕರೆತಂದಿತು. ಆಗ ಅವರಿಗೆ 31 ವರ್ಷ, ಜನವರಿಗೆ 32. ಅದೇ ದಿನ ಪಿಚರ್ (ಚೆಂಡು ಎಸೆಯುವವರು) ಸಿ.ಜೆ. ವಿಲ್ಸನ್ ಅವರಿಗೂ ಐದು ವರ್ಷಕ್ಕೆ 7.75 ಕೋಟಿ ಡಾಲರ್. ತಂಡದ ಮಾಲೀಕ ಆರ್ಟೆ ಮೊರೇನೊ. ಹೋರ್ಡಿಂಗ್ ಜಾಹೀರಾತು ವ್ಯಾಪಾರದಲ್ಲಿ ಬೆಳೆದವರು. 2003ರಲ್ಲಿ ಡಿಸ್ನಿ ಕಂಪನಿಯಿಂದ ತಂಡ ಕೊಂಡಾಗ ಮೈದಾನದಲ್ಲಿ ಬಿಯರ್ ಬೆಲೆ ಇಳಿಸಿ ಜನರ ಮನಸ್ಸು ಗೆದ್ದಿದ್ದರು. ಟಿವಿ ಪ್ರಸಾರದ ದೊಡ್ಡ ಒಪ್ಪಂದವೂ ಆ ದಿನಗಳಲ್ಲೇ ಕುದುರಿತ್ತು. ಟಿವಿಗೆ ಮುಖ ಬೇಕು. ಪೂಹೋಲ್ಸ್‌ಗಿಂತ ದೊಡ್ಡ ಮುಖ ಆಗ ಇರಲಿಲ್ಲ.

ಆ ಒಪ್ಪಂದದ ಕಂತುಗಳನ್ನು ನೋಡಿ. ಮೊದಲ ವರ್ಷ 1.2 ಕೋಟಿ ಡಾಲರ್. ಎರಡನೇ ವರ್ಷ 1.6 ಕೋಟಿ. ಮೂರನೇ ವರ್ಷ 2.3 ಕೋಟಿ. ಅಲ್ಲಿಂದ ಪ್ರತಿ ವರ್ಷ ಹತ್ತು ಲಕ್ಷ ಏರುತ್ತಾ ಹೋಗಿ ಕೊನೆಯ ವರ್ಷ 3 ಕೋಟಿ. ಅಂದರೆ 32ರ ಹರೆಯದಲ್ಲಿ ಕಡಿಮೆ, 41ಕ್ಕೆ ಅತಿ ಹೆಚ್ಚು. ಮೈ ಇಳಿಯುತ್ತಾ ಹೋದ ಹಾಗೆ ಸಂಬಳ ಏರುತ್ತಾ ಹೋಗುವ ಹಾಗೆ ಬರೆದ ಕಾಗದ ಅದು. ಸಹಿ ಹಾಕುವ ವರ್ಷ ಹಗುರ, ಮುಂದಿನವರ ಹೆಗಲಿಗೆ ಭಾರ. ಸಾಲ ಮಾಡಿ ಮದುವೆ ಮಾಡಿದ ಮನೆಯಲ್ಲಿ ಏನಾಗುತ್ತದೆ ಅಂತ ನಮಗೆ ಗೊತ್ತೇ ಇದೆ.

ಮೈದಾನದಲ್ಲಿ ಆದದ್ದು ಇಷ್ಟು. ಮೊದಲ ಸೀಸನ್‌ನಲ್ಲಿ ಮೊದಲ ಹೋಂ ರನ್ ಬಂದಾಗ ಮೇ ತಿಂಗಳಾಗಿತ್ತು. 2013ರ ಜುಲೈ ಕೊನೆಯಲ್ಲಿ ಓಕ್‌ಲೆಂಡ್‌ನಲ್ಲಿ ಪಾದದ ಅಡಿಯ ನಾರು ಹರಿಯಿತು. ಅಂಗಾಲಿನ ಆ ನೋವನ್ನು ಅವರು ತಿಂಗಳುಗಟ್ಟಲೆ ತಡೆದುಕೊಂಡು ಆಡುತ್ತಿದ್ದರು. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಮೊಳೆ ಚುಚ್ಚಿದಂತಾಗುವ ನೋವು. ಆ ಸೀಸನ್ 99 ಪಂದ್ಯಕ್ಕೆ ಮುಗಿಯಿತು.

ಆಮೇಲೆ ಅವರ ಓಟ ಹೋಯಿತು. ಇದನ್ನು ಹತ್ತಿರದಿಂದ ನೋಡಬೇಕು. ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಬಿದ್ದು ಉರುಳಿದರೆ ಬ್ಯಾಟರ್ ಮೊದಲ ಬೇಸ್‌ಗೆ ಓಡಬೇಕು. ಫೀಲ್ಡರ್ ಚೆಂಡು ಹಿಡಿದು ಎಸೆಯುವುದರೊಳಗೆ ತಲುಪಬೇಕು. ಪೂಹೋಲ್ಸ್ ಬ್ಯಾಟಿಂಗ್‌ಗೆ ಬಂದರೆ ಎದುರು ತಂಡದ ಒಳ ಫೀಲ್ಡರ್‌ಗಳು ಹಿಂದೆ ಸರಿದು ಹುಲ್ಲಿನ ಮೇಲೆ ಹೋಗಿ ನಿಲ್ಲುತ್ತಿದ್ದರು. ಅವರಿಗೆ ಆತುರವೇ ಇರಲಿಲ್ಲ. ಅಷ್ಟು ದೂರದಿಂದ ಚೆಂಡು ಹಿಡಿದು, ನಿಧಾನಕ್ಕೆ ಎಸೆದರೂ ಪೂಹೋಲ್ಸ್ ಇನ್ನೂ ದಾರಿಯಲ್ಲೇ ಇರುತ್ತಿದ್ದರು. ಒಂದೇ ಚೆಂಡಿಗೆ ಇಬ್ಬರು ಔಟ್ ಆಗುವುದನ್ನು ಡಬಲ್ ಪ್ಲೇ ಅನ್ನುತ್ತಾರೆ. ನೆಲದ ಹೊಡೆತಕ್ಕೆ ಹಾಗೆ ಅತಿ ಹೆಚ್ಚು ಸಲ ಬಲಿಯಾದ ದಾಖಲೆ ಅವರದ್ದು, 426. ಏಂಜಲ್ಸ್ ಪರ ಅವರು 222 ಹೋಂ ರನ್ ಹೊಡೆದರು, ನಿಜ. ಆದರೆ ಸರಾಸರಿ .256ಕ್ಕೆ ಇಳಿಯಿತು. 2021ರ ಮೇ ತಿಂಗಳಲ್ಲಿ, ಹತ್ತನೇ ವರ್ಷ ಮುಗಿಯುವ ಮೊದಲೇ, ತಂಡ ಅವರನ್ನು ಕೈಬಿಟ್ಟಿತು.

ಮರುವರ್ಷ ಅವರು ಹಳೆಯ ಕಾರ್ಡಿನಲ್ಸ್‌ಗೆ ಹೋಗಿ, 42ರ ವಯಸ್ಸಲ್ಲಿ 24 ಹೋಂ ರನ್ ಹೊಡೆದು ಒಟ್ಟು 703 ಮುಟ್ಟಿದರು. ಅದನ್ನು ನೋಡಿ ನನಗೆ ಖುಷಿಯೇ ಆಯಿತು. ಆತ ಮೋಸ ಮಾಡಿದವರಲ್ಲ. ಗಾಯದ ಕಾಲಲ್ಲಿ ಓಡಿದವರು.

ಈಗ ನಾನು ಈ ಇಡೀ ಕಥೆಯ ಗಂಟು ಅಂತ ಅಂದುಕೊಂಡಿರುವ ಒಂದು ಸಂಗತಿ. ಆಗಿನ ನಿಯಮದ ಪ್ರಕಾರ ದೊಡ್ಡ ಫ್ರೀ ಏಜೆಂಟ್‌ನನ್ನು ಕೊಂಡ ತಂಡ ತನ್ನ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಯನ್ನು ಬಿಟ್ಟುಕೊಡಬೇಕಿತ್ತು. ಪೂಹೋಲ್ಸ್‌ಗಾಗಿ ಏಂಜಲ್ಸ್ 2012ರ ತನ್ನ 19ನೇ ಆಯ್ಕೆಯನ್ನು ಕಾರ್ಡಿನಲ್ಸ್‌ಗೆ ಕಳೆದುಕೊಂಡಿತು. ಕಾರ್ಡಿನಲ್ಸ್ ಅದರಲ್ಲಿ ಮೈಕಲ್ ವಾಕಾ ಎಂಬ ಪಿಚರ್‌ನನ್ನು ಆರಿಸಿತು. ಒಂದೇ ವರ್ಷದಲ್ಲಿ, 22ರ ಹುಡುಗನಾಗಿ, ವಾಕಾ ನ್ಯಾಷನಲ್ ಲೀಗ್ (ದೊಡ್ಡ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಫೈನಲ್‌ನ ಎಂವಿಪಿ ಆದ. ಕಾರ್ಡಿನಲ್ಸ್ 2013ರ ವರ್ಲ್ಡ್ ಸೀರೀಸ್ ಆಡಿತು. ಪೂಹೋಲ್ಸ್ ಜಾಗಕ್ಕೆ ಬ್ಯಾಟಿಂಗ್ ಬಲ ತುಂಬಲು ಅವರು ಕಾರ್ಲೋಸ್ ಬೆಲ್ಟ್ರಾನ್ ಅವರನ್ನು ಎರಡೇ ವರ್ಷಕ್ಕೆ, 2.6 ಕೋಟಿ ಡಾಲರ್‌ಗೆ ತಂದಿದ್ದರು. ಅವರು ಮೊದಲ ವರ್ಷವೇ 32 ಹೋಂ ರನ್ ಹೊಡೆದರು.

ಇದನ್ನು ತಿರುಗಿಸಿ ನೋಡಿ. 2008ರ ಡಿಸೆಂಬರ್‌ನಲ್ಲಿ ಮಾರ್ಕ್ ಟೆಶೇರಾ ಎಂಬ ಬ್ಯಾಟರ್ ಏಂಜಲ್ಸ್ ಬಿಟ್ಟು ನ್ಯೂಯಾರ್ಕ್ ಯಾಂಕೀಸ್‌ಗೆ ಹೋದರು. ಏಂಜಲ್ಸ್ ಅಭಿಮಾನಿಗಳಿಗೆ ಬೇಸರವಾಯಿತು. ಅದಕ್ಕೆ ಪರಿಹಾರವಾಗಿ ಯಾಂಕೀಸ್‌ನ ಡ್ರಾಫ್ಟ್ ಆಯ್ಕೆ ಏಂಜಲ್ಸ್‌ಗೆ ಸಿಕ್ಕಿತು. 2009ರ 25ನೇ ಆಯ್ಕೆ. ಅದರಲ್ಲಿ ಬಂದವನು ನ್ಯೂಜೆರ್ಸಿಯ 17 ವರ್ಷದ ಹುಡುಗ ಮೈಕ್ ಟ್ರೌಟ್. ಮುಂದೆ ಮೂರು ಸಲ ಎಂವಿಪಿ ಆದ. ಈ ತಂಡ ಕಂಡ ಅತಿ ದೊಡ್ಡ ಆಟಗಾರ.

ಟೆಶೇರಾ ಕೈತಪ್ಪಿದ್ದರಿಂದ ಟ್ರೌಟ್ ಸಿಕ್ಕ. ಪೂಹೋಲ್ಸ್ ಸಿಕ್ಕಿದ್ದರಿಂದ ವಾಕಾ ಕೈತಪ್ಪಿದ. ಆದರೂ ತಂಡ ಮಾತ್ರ ಅದೇ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ.

2012ರಲ್ಲಿ ಟ್ರೌಟ್ ಮೊದಲ ಪೂರ್ತಿ ಸೀಸನ್ ಆಡಿದ. 30 ಹೋಂ ರನ್, 49 ಬೇಸ್ ಕದ್ದ (ಪಿಚರ್ ಎಸೆಯುವಾಗಲೇ ಮುಂದಿನ ಬೇಸ್‌ಗೆ ಓಡಿ ತಲುಪುವುದು), ಸರಾಸರಿ .326. ಮರುವರ್ಷ ಅವನ ಸಂಬಳ 5.1 ಲಕ್ಷ ಡಾಲರ್. ಅದೇ ವರ್ಷ ಪೂಹೋಲ್ಸ್‌ಗೆ 1.6 ಕೋಟಿ. ಒಂದೇ ಡ್ರೆಸ್ಸಿಂಗ್ ರೂಮ್‌ನಲ್ಲಿ ಕೂತ ಇಬ್ಬರ ನಡುವೆ ಮೂವತ್ತು ಪಟ್ಟು ವ್ಯತ್ಯಾಸ. ಜಾಸ್ತಿ ಆಡುತ್ತಿದ್ದವನಿಗೆ ಕಡಿಮೆ. ಒಬ್ಬ ಟ್ರೌಟ್ ಇಷ್ಟು ಅಗ್ಗಕ್ಕೆ ಸಿಕ್ಕಿದ್ದಾಗ ಉಳಿದ ಹಣದಲ್ಲಿ ಪಿಚರ್‌ಗಳನ್ನು, ಹೊಸ ಹುಡುಗರನ್ನು ಹುಡುಕುವ ಸ್ಕೌಟ್‌ಗಳನ್ನು, ಮೈನರ್ ಲೀಗ್ ಹುಡುಗರನ್ನು ಬೆಳೆಸಬಹುದಿತ್ತು. ಅಂಥ ಅವಕಾಶ ಒಂದು ತಂಡಕ್ಕೆ ಮೂವತ್ತು ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ತಂಡ ಮಾಡಿದ್ದು ಜಾಶ್ ಹ್ಯಾಮಿಲ್ಟನ್ ಅವರನ್ನು ಕೊಂಡದ್ದು. 2012ರ ಡಿಸೆಂಬರ್, ಐದು ವರ್ಷ. ಹ್ಯಾಮಿಲ್ಟನ್ ಬದುಕು ಬೇರೆಯೇ ತರಹದ್ದು. 1999ರ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆ. ಮಾದಕ ವಸ್ತುವಿನ ಚಟಕ್ಕೆ ಬಿದ್ದು ಕೆಲವು ವರ್ಷ ಆಟದಿಂದಲೇ ದೂರವಾದರು. ಅಲ್ಲಿಂದ ಎದ್ದು ಬಂದು 2010ರಲ್ಲಿ ಟೆಕ್ಸಸ್ ರೇಂಜರ್ಸ್ ಪರ ಎಂವಿಪಿ ಆದರು. 2012ರಲ್ಲಿ 43 ಹೋಂ ರನ್. ಆದರೆ ಆ ಸೀಸನ್‌ನ ಕೊನೆ ಭಾಗದಲ್ಲಿ ಅವರ ಬ್ಯಾಟಿಂಗ್ ತಪ್ಪುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು.

ಏಂಜಲ್ಸ್‌ಗೆ ಬಂದ ಮೊದಲ ವರ್ಷ 21 ಹೋಂ ರನ್, ಎರಡನೇ ವರ್ಷ 10. 2014ರ ಪ್ಲೇ ಆಫ್‌ನಲ್ಲಿ 13 ಸಲ ಬ್ಯಾಟಿಂಗ್, ಒಂದೂ ಹಿಟ್ ಇಲ್ಲ. ಆನಹೈಮ್‌ನ ಸ್ವಂತ ಅಭಿಮಾನಿಗಳೇ ಕೂಗಿ ಹೀಯಾಳಿಸಿದರು. 2015ರ ಶುರುವಿನಲ್ಲಿ ಮತ್ತೆ ಚಟಕ್ಕೆ ಮರಳಿದ್ದನ್ನು ಅವರೇ ಹೋಗಿ ಲೀಗ್‌ಗೆ ಒಪ್ಪಿಕೊಂಡರು. ಅವರ ಮೇಲೆ ಕ್ರಮ ಆಗುವಂತಿಲ್ಲ ಅಂತ ಮಧ್ಯಸ್ಥರು ತೀರ್ಪು ಕೊಟ್ಟರು. ಒಪ್ಪಂದದಲ್ಲಿ ಇಂಥದ್ದಕ್ಕೆ ತಂಡಕ್ಕೆ ರಕ್ಷಣೆ ಇದೆ ಅಂತ ಮೊರೇನೊ ಪತ್ರಕರ್ತರ ಮುಂದೆ ಹೇಳಿದರು. ಆಟಗಾರರ ಸಂಘ ಅದನ್ನು ಒಪ್ಪಲಿಲ್ಲ. ಏಪ್ರಿಲ್ ಕೊನೆಗೆ ಅವರನ್ನು ವಾಪಸ್ ಟೆಕ್ಸಸ್‌ಗೆ ಕಳಿಸಲಾಯಿತು. ಬಾಕಿ ಹಣದ ದೊಡ್ಡ ಪಾಲು ಏಂಜಲ್ಸ್ ಕೊಟ್ಟಿತು. ತಮ್ಮ ಜೊತೆ ಆಡದಿರಲಿ ಅಂತ, ತಮ್ಮದೇ ಎದುರಾಳಿ ತಂಡದಲ್ಲಿ ಆಡಲು ಸಂಬಳ ಕೊಟ್ಟ ಹಾಗಾಯಿತು. ಆ ವಸಂತದಲ್ಲಿ ತಂಡ ನಡೆದುಕೊಂಡ ರೀತಿ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಕೊಳ್ಳುವಾಗ ಆ ಮನುಷ್ಯನ ಇತಿಹಾಸ ಎಲ್ಲರಿಗೂ ಗೊತ್ತಿತ್ತು. ಕಾಯಿಲೆ ಮರಳಿದಾಗ ಕೈಹಿಡಿಯಬೇಕಿತ್ತು.

ಆರೋಗ್ಯದ ಮಾತು ಆಚೆ ಇಟ್ಟು ಲೆಕ್ಕಕ್ಕೆ ಬರೋಣ. ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿ ಇಲ್ಲ. ಆದರೆ ಒಂದು ಗೆರೆ ಇದೆ. ತಂಡದ ಒಟ್ಟು ಸಂಬಳ ಆ ಗೆರೆ ದಾಟಿದರೆ ಲೀಗ್‌ಗೆ ತೆರಿಗೆ ಕಟ್ಟಬೇಕು. ಒಬ್ಬ ಆಟಗಾರನ ಒಪ್ಪಂದದ ವಾರ್ಷಿಕ ಸರಾಸರಿಯೇ ಇಲ್ಲಿ ಲೆಕ್ಕ. 2014ರಲ್ಲಿ ಆ ಗೆರೆ 18.9 ಕೋಟಿ ಡಾಲರ್. ಪೂಹೋಲ್ಸ್ ಸರಾಸರಿ 2.4 ಕೋಟಿ, ಹ್ಯಾಮಿಲ್ಟನ್ 2.5 ಕೋಟಿ, ವಿಲ್ಸನ್ 1.55 ಕೋಟಿ. ಮೂವರೇ ಸೇರಿ 6.45 ಕೋಟಿ. ಗೆರೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಮೊರೇನೊ ಆ ಗೆರೆ ದಾಟಲು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ಅಂದರೆ ಮೇಲಿನ ಮೂರು ಹೆಸರಿಗೆ ಹಣ ಹೋಯಿತು, ನಡುವಿನವರಿಗೆ ಉಳಿಯಲಿಲ್ಲ.

ಬೇಸ್‌ಬಾಲ್‌ನಲ್ಲಿ ಇದು ದೊಡ್ಡ ಏಟು. ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟರ್ ನಿಂತರೆ ಇಡೀ ಪಂದ್ಯ ಎಳೆದುಕೊಂಡು ಹೋಗಬಹುದು. ಇಲ್ಲಿ ಒಬ್ಬನಿಗೆ ಪಂದ್ಯಕ್ಕೆ ನಾಲ್ಕೈದು ಅವಕಾಶ ಮಾತ್ರ. ಒಂಬತ್ತು ಜನ ಸರದಿ ಪ್ರಕಾರ ಬರುತ್ತಾರೆ. ಪಿಚರ್ ಐದು ದಿನಕ್ಕೊಮ್ಮೆ ಎಸೆಯುತ್ತಾನೆ, ಹಾಗಾಗಿ ಐದು ಒಳ್ಳೆಯ ಪಿಚರ್ ಬೇಕು. 162 ಪಂದ್ಯಗಳ ಸೀಸನ್‌ನಲ್ಲಿ ಯಾರೋ ಒಬ್ಬರಿಗೆ ಗಾಯ ಆಗಿಯೇ ಆಗುತ್ತದೆ. ಆಗ ಮೈನರ್ ಲೀಗ್‌ನಿಂದ ಬರುವ ಹುಡುಗ ಹೇಗಿದ್ದಾನೆ ಎನ್ನುವುದರ ಮೇಲೆ ತಂಡ ನಿಲ್ಲುತ್ತದೆ. ಏಂಜಲ್ಸ್‌ನಲ್ಲಿ ಆ ಹುಡುಗರು ಸಾಕಷ್ಟು ಇರಲಿಲ್ಲ. 2021ರ ಡ್ರಾಫ್ಟ್‌ನಲ್ಲಿ ತಂಡ ಇಪ್ಪತ್ತಕ್ಕೆ ಇಪ್ಪತ್ತೂ ಪಿಚರ್‌ಗಳನ್ನೇ ಆರಿಸಿತು. ಎಷ್ಟು ವರ್ಷದ ಕೊರತೆ ಅಂತ ಅದೊಂದರಲ್ಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಕಂಡ ಮೇಲೂ 2019ರ ಡಿಸೆಂಬರ್ ಬಂತು. ಆಗ ತಂಡಕ್ಕೆ ಪಿಚರ್ ಬೇಕಿತ್ತು, ಅದು ಊರಿಗೆಲ್ಲ ಗೊತ್ತಿತ್ತು. ಗೆರಿಟ್ ಕೋಲ್ ಎಂಬ ದೊಡ್ಡ ಪಿಚರ್ ಮಾರುಕಟ್ಟೆಯಲ್ಲಿದ್ದರು. ಇದೇ ಆರೆಂಜ್ ಕೌಂಟಿಯಲ್ಲಿ ಬೆಳೆದವರು. ಯಾಂಕೀಸ್ 32.4 ಕೋಟಿ ಡಾಲರ್ ಕೊಟ್ಟು ಅವರನ್ನು ಒಯ್ದಿತು. ಅದೇ ವಾರ ಏಂಜಲ್ಸ್ ಆಂಥನಿ ರೆಂಡನ್ ಅವರಿಗೆ ಏಳು ವರ್ಷದ ಸಹಿ ಹಾಕಿಸಿತು. ರೆಂಡನ್ ಬ್ಯಾಟರ್, ಮೂರನೇ ಬೇಸ್ ಕಾಯುವವರು. ಬೇಕಾಗಿದ್ದ ಸಾಮಾನು ಸಿಗಲಿಲ್ಲ ಅಂತ, ಬೇರೆ ದುಬಾರಿ ಸಾಮಾನು ಚೀಲಕ್ಕೆ ಹಾಕಿಕೊಂಡು ಬಂದ ಹಾಗೆ.

ಆದರೆ ರೆಂಡನ್ ಆಗ ಸಾಧಾರಣ ಆಟಗಾರ ಅಲ್ಲ. 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಪರ ಸರಾಸರಿ .319, 34 ಹೋಂ ರನ್, 126 ರನ್ ತಂದುಕೊಟ್ಟಿದ್ದರು. ತಂಡಕ್ಕೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟವರಲ್ಲಿ ಒಬ್ಬರು. ಅವರ ಕೈಯ ಚಳಕಕ್ಕೆ ಒಂದು ರಾತ್ರಿ ಸಾಕು. 2022ರ ಮೇ 10ರಂದು ಟ್ಯಾಂಪಾ ವಿರುದ್ಧ ಪಂದ್ಯ ಕೈಗೆ ಬಂದಾಗಿತ್ತು. ಎದುರು ತಂಡ ಪಿಚರ್ ಬದಲು ಒಬ್ಬ ಫೀಲ್ಡರ್‌ನನ್ನೇ ಎಸೆಯಲು ಕಳಿಸಿತ್ತು. ಬಲಗೈ ಬ್ಯಾಟರ್ ರೆಂಡನ್ ಸುಮ್ನೆ ಎಡಗಡೆ ಹೋಗಿ ನಿಂತರು. ದೊಡ್ಡ ಲೀಗ್‌ನಲ್ಲಿ ಮೊದಲ ಸಲ ಎಡಗೈ ಬ್ಯಾಟಿಂಗ್. ಚೆಂಡು ಬೇಲಿ ದಾಟಿತು.

ಅದೇ ವರ್ಷ ಅವರು ಆಡಿದ್ದು 47 ಪಂದ್ಯ. ಉಳಿದ ವರ್ಷಗಳೂ ಹಾಗೇ. 2020ರಲ್ಲಿ 52, 2021ರಲ್ಲಿ 58, 2023ರಲ್ಲಿ 43, 2024ರಲ್ಲಿ 57. 2025ರಲ್ಲಿ ಒಂದೂ ಇಲ್ಲ. ಆ ಆರು ಸೀಸನ್‌ಗಳಲ್ಲಿ ತಂಡ ಆಡಿದ್ದು 870 ಪಂದ್ಯ, ರೆಂಡನ್ 257. ಹೋಂ ರನ್ 22. ಸೊಂಟ, ಮಣಿಕಟ್ಟು, ತೊಡೆಯ ಸ್ನಾಯು, ಪಕ್ಕೆ, ಹೀಗೆ ಒಂದಾದ ಮೇಲೆ ಒಂದು. 2023ರ ಜುಲೈ 4ರಂದು ಸ್ಯಾನ್ ಡಿಯೇಗೋದಲ್ಲಿ ತಾವೇ ಹೊಡೆದ ಚೆಂಡು ಮುಂಗಾಲಿಗೆ ಬಡಿಯಿತು. ಮೊದಲು ಬರೀ ಪೆಟ್ಟು ಅಂದರು. ಮೂಳೆ ಸೀಳಿದೆ ಅಂತ ಹೊರಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ, ಅದೂ ರೆಂಡನ್ ಬಾಯಿಂದಲೇ.

2024ರಲ್ಲಿ ಅವರು ಬೇಸ್‌ಬಾಲ್ ತಮಗೆ ಮೊದಲ ಆದ್ಯತೆ ಅಲ್ಲ, ಇದೊಂದು ಕೆಲಸ, ನಂಬಿಕೆ ಮತ್ತು ಕುಟುಂಬ ಮೊದಲು ಅಂದರು. ಜನ ಕೆರಳಿದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಪಾರ್ಕಿಂಗ್‌ಗೆ, ಟಿಕೆಟ್‌ಗೆ, ಹಾಟ್‌ಡಾಗ್‌ಗೆ ದುಡ್ಡು ಕೊಟ್ಟು ಕೂತವರಿಗೆ ಆ ಮಾತು ಕಹಿಯೇ. ಆದರೆ ಮಾತಿಗೂ ಮೂಳೆಗೂ ಸಂಬಂಧ ಇಲ್ಲ. ಆಟವನ್ನು ಪ್ರಾಣದಂತೆ ಪ್ರೀತಿಸಿದವರ ಸೊಂಟವೂ ಕೈಕೊಡುತ್ತದೆ. ರೆಂಡನ್ ಸಹಿ ಹಾಕಿದ 2019ರ ಅದೇ ವಾರ, ಅದೇ ಏಜೆಂಟ್ ಸ್ಕಾಟ್ ಬೋರಸ್ ಮೂಲಕ, ಅದೇ 24.5 ಕೋಟಿ ಡಾಲರ್‌ಗೆ, ಅದೇ ಏಳು ವರ್ಷಕ್ಕೆ ನ್ಯಾಷನಲ್ಸ್ ತನ್ನ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರನ್ನು ಉಳಿಸಿಕೊಂಡಿತು. ಅವರು ಆಮೇಲೆ ಎಸೆದದ್ದು ಎಂಟೇ ಪಂದ್ಯ. ಅವರ ಶ್ರದ್ಧೆಯ ಬಗ್ಗೆ ಯಾರೂ ಅನುಮಾನ ಪಡಲಿಲ್ಲ, ಆದರೂ ದೇಹ ಮಾತು ಕೇಳಲಿಲ್ಲ.

ಹಾಗಾದರೆ ದೊಡ್ಡ ಒಪ್ಪಂದವೇ ತಪ್ಪಾ? ಇಲ್ಲ. ಇದೇ ನ್ಯಾಷನಲ್ಸ್ 30 ವರ್ಷದ ಮ್ಯಾಕ್ಸ್ ಶರ್ಜರ್‌ಗೆ ಏಳು ವರ್ಷಕ್ಕೆ 21 ಕೋಟಿ ಕೊಟ್ಟು ಕಪ್ ಗೆದ್ದಿತು. ಮೊರೇನೊ ಅವರೇ 2004ರಲ್ಲಿ 28ರ ವ್ಲಾಡಿಮಿರ್ ಗೆರೆರೋಗೆ ಐದು ವರ್ಷಕ್ಕೆ 7 ಕೋಟಿ ಕೊಟ್ಟರು. ಅವರು ಮೊದಲ ವರ್ಷವೇ ಎಂವಿಪಿ. ಅವರಿದ್ದ ಆರು ಸೀಸನ್‌ಗಳಲ್ಲಿ ಐದು ಸಲ ಪ್ಲೇ ಆಫ್. ಏನು ವ್ಯತ್ಯಾಸ? 2002ರಲ್ಲಿ ಕಪ್ ಗೆದ್ದ ತಂಡ ಆಗಲೇ ಕಟ್ಟಿ ನಿಂತಿತ್ತು. ಗೆರೆರೋ ಅದರ ಮೇಲೆ ಇಟ್ಟ ಕಳಶ. ಪೂಹೋಲ್ಸ್, ಹ್ಯಾಮಿಲ್ಟನ್, ರೆಂಡನ್ ಅವರನ್ನು ಗೋಡೆಯ ಬದಲಿಗೆ ತಂದು ನಿಲ್ಲಿಸಿದರು.

ಈ ಅಭ್ಯಾಸ ಯಾಕೆ ಬಿಡಲಿಲ್ಲ ಎನ್ನುವುದಕ್ಕೂ ಕಾರಣ ಇದೆ. 2003ರಿಂದ 2019ರವರೆಗೆ ಪ್ರತಿ ವರ್ಷ ಆ ಮೈದಾನಕ್ಕೆ 30 ಲಕ್ಷಕ್ಕೂ ಜಾಸ್ತಿ ಜನ ಬಂದರು. ತಂಡ ಸೋತ ವರ್ಷವೂ ಬಂದರು. ಪೂಹೋಲ್ಸ್‌ನ 600ನೇ ಹೋಂ ರನ್, 3000ನೇ ಹಿಟ್ ನೋಡಲು ಟಿಕೆಟ್ ಮಾರಾಟವಾಗುತ್ತದೆ. ಮೈನರ್ ಲೀಗ್‌ನ ಒಬ್ಬ ಒಳ್ಳೆಯ ಕೋಚ್‌ನ ಹೆಸರಲ್ಲಿ ಒಂದು ಟಿಕೆಟ್ಟೂ ಹೋಗುವುದಿಲ್ಲ.

ಇನ್ನು ಶೋಹೆ ಓಟಾನಿ. ಇದು ನನಗೆ ಅತಿ ನೋವು ಕೊಡುವ ಭಾಗ. ಎಸೆಯುವುದೂ ಗೊತ್ತು, ಹೊಡೆಯುವುದೂ ಗೊತ್ತು. ಜಪಾನಿನಿಂದ 2017ರ ಡಿಸೆಂಬರ್‌ನಲ್ಲಿ, 23ರ ಹರೆಯದಲ್ಲಿ, ಎಲ್ಲ ತಂಡಗಳನ್ನೂ ಬಿಟ್ಟು ಅವನೇ ಏಂಜಲ್ಸ್ ಅನ್ನು ಆರಿಸಿಕೊಂಡ. 25 ದಾಟದ ವಿದೇಶಿ ಆಟಗಾರರಿಗೆ ಇರುವ ಮಿತಿಯಿಂದಾಗಿ ಅವನಿಗೆ ಸಿಕ್ಕ ಬೋನಸ್ ಬರೀ 23.15 ಲಕ್ಷ ಡಾಲರ್. ಹಳೆಯ ತಂಡಕ್ಕೆ 2 ಕೋಟಿ. 2021, 2023ರಲ್ಲಿ ಎಲ್ಲ ಮತಗಳನ್ನೂ ಪಡೆದು ಎಂವಿಪಿ ಆದ. ಟ್ರೌಟ್ ಮತ್ತು ಓಟಾನಿ ಒಂದೇ ತಂಡದಲ್ಲಿ ಆರು ವರ್ಷ ಇದ್ದರು. ಆ ಆರರಲ್ಲಿ ಒಂದು ವರ್ಷವೂ ತಂಡ ಸಮಸಮ ಕೂಡ ಮುಗಿಸಲಿಲ್ಲ. ತಂಡ ಇಷ್ಟ, ಆದರೆ ಅದಕ್ಕಿಂತ ಗೆಲ್ಲುವುದು ಮುಖ್ಯ ಅಂತ 2021ರಲ್ಲೇ ಅವನು ಬಾಯಿಬಿಟ್ಟು ಹೇಳಿದ್ದ.

2023ರ ಬೇಸಿಗೆಯಲ್ಲಿ ತಂಡ ಕೊನೆಯ ಪ್ರಯತ್ನ ಮಾಡಿತು. ಇದ್ದ ಒಳ್ಳೆಯ ಹುಡುಗರನ್ನು ಕೊಟ್ಟು ಪಿಚರ್ ಲೂಕಸ್ ಜಿಯೋಲಿಟೊ ಅವರನ್ನು ತಂದಿತು. ಆಗಸ್ಟ್‌ನಲ್ಲಿ ಸೋಲುಗಳ ಸರಮಾಲೆ. ಓಟಾನಿಯ ಮೊಣಕೈ ನಾರು ಹರಿಯಿತು. ತಿಂಗಳ ಕೊನೆಗೆ ತೆರಿಗೆ ಗೆರೆಯ ಕೆಳಗೆ ಇಳಿಯಲು ಜಿಯೋಲಿಟೊ ಸೇರಿ ಆರು ಜನರನ್ನು ಯಾರು ಬೇಕಾದರೂ ಕರೆದುಕೊಳ್ಳಿ ಅಂತ ಬಿಟ್ಟುಬಿಟ್ಟರು. ಡಿಸೆಂಬರ್‌ನಲ್ಲಿ ಓಟಾನಿ ಪಕ್ಕದ ಊರಿನ ಡಾಡ್ಜರ್ಸ್‌ಗೆ ಹೋದ. ಹತ್ತು ವರ್ಷ, 70 ಕೋಟಿ ಡಾಲರ್. ಅದರಲ್ಲಿ 68 ಕೋಟಿಯನ್ನು ಒಪ್ಪಂದ ಮುಗಿದ ಮೇಲೆ ಕೊಟ್ಟರೆ ಸಾಕು ಅಂದ, ತಂಡಕ್ಕೆ ಬೇರೆಯವರನ್ನು ತರಲು ಅನುಕೂಲವಾಗಲಿ ಅಂತ. 2024, 2025 ಎರಡೂ ವರ್ಷ ಡಾಡ್ಜರ್ಸ್ ವರ್ಲ್ಡ್ ಸೀರೀಸ್ ಗೆದ್ದಿತು.

ರೆಂಡನ್ ಒಪ್ಪಂದದ ಕೊನೆಯ ವರ್ಷ 2026. ಆ ವರ್ಷದ ಹಣವನ್ನು ಮುಂದಿನ ಕೆಲವು ವರ್ಷಗಳಿಗೆ ಹಂಚಿ ಕೊಡಲು 2025ರ ಕೊನೆಯಲ್ಲಿ ಮಾತಾಯಿತು. ಉಳಿಯುವುದು ಟ್ರೌಟ್. ಅವನ 42.65 ಕೋಟಿ ಡಾಲರ್ ಒಪ್ಪಂದ 2030ರವರೆಗೆ ಇದೆ, ಆಗ ಅವನಿಗೆ 39 ವರ್ಷ. ಗಾಯಗಳು ಅವನನ್ನೂ ಬಿಟ್ಟಿಲ್ಲ. 2021ರಲ್ಲಿ 36 ಪಂದ್ಯ, 2024ರಲ್ಲಿ 29. 2025ರ ಸೆಪ್ಟೆಂಬರ್ 20ರಂದು ಡೆನ್ವರ್‌ನಲ್ಲಿ 400ನೇ ಹೋಂ ರನ್ ಹೊಡೆದ. 485 ಅಡಿ ಹೋಯಿತು ಚೆಂಡು.

ಇಷ್ಟು ವರ್ಷದಲ್ಲಿ ಅವನು ಆಡಿದ ಪ್ಲೇ ಆಫ್ ಪಂದ್ಯ ಮೂರು. 2014ರ ಅಕ್ಟೋಬರ್, ಕ್ಯಾನ್ಸಸ್ ಸಿಟಿ ವಿರುದ್ಧ, ಮೂರೂ ಸೋಲು. 12 ಸಲ ಬ್ಯಾಟಿಂಗ್, ಒಂದೇ ಹಿಟ್. ಮೂರನೇ ಪಂದ್ಯದ ಮೊದಲ ಇನ್ನಿಂಗ್ಸ್‌ನಲ್ಲಿ ಬಂದ ಆ ಒಂದು ಹಿಟ್ ಹೋಂ ರನ್ ಆಗಿತ್ತು. ಆಗ ಅವನಿಗೆ 23 ವರ್ಷ.